ಜಲೋದರಕ್ಕೆ ಟಿಪ್ಸ್ ಷಂಟ್: ಹಾಕಿಸೋ ಮುಂಚೆ ಏನು ಕೇಳಬೇಕು?

ಪ್ರಶ್ನೆ:
ಅಪ್ಪನಿಗೆ 58 ವರ್ಷ, ಲಿವರ್ ಸಿರೋಸಿಸ್ (ಲಿವರ್ ಗಟ್ಟಿಯಾಗೋ ಕಾಯಿಲೆ), ಹೊಟ್ಟೆಯಲ್ಲಿ ನೀರು ತುಂಬುತ್ತೆ (ಜಲೋದರ). ನೀರಿಳಿಸೋ ಮಾತ್ರೆ ಏರಿಸಿದರೆ ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆಯ ಅಂಕಿ) ಏರುತ್ತೆ. ಹಾಗಾಗಿ ಎರಡು ವಾರಕ್ಕೊಮ್ಮೆ ಹೊಟ್ಟೆಯಿಂದ 6–7 ಲೀಟರ್ ನೀರು ತೆಗೆಸ್ತಿದೀವಿ. ಬಿಲಿರುಬಿನ್ (ಕಾಮಾಲೆಯ ಅಂಕಿ) 1.8, ಮೆಲ್ಡ್ (ಲಿವರ್ ಕಾಯಿಲೆ ಎಷ್ಟು ತೀವ್ರ ಅನ್ನೋ ಅಂಕ) 13. ಈಗ ಟಿಪ್ಸ್ ಹಾಕೋಣ ಅಂತಿದಾರೆ. ಆಮೇಲೆ ಕೆಲವರಿಗೆ ಬುದ್ಧಿ ಮಂಕಾಗುತ್ತಂತೆ. ಯಾಕೆ? ತಡೆಯೋಕಾಗುತ್ತಾ?

ಉತ್ತರ 1:
ಲಿವರ್ ಗಟ್ಟಿಯಾದಾಗ ಕರುಳಿಂದ ಪೋರ್ಟಲ್ ನಾಳದಲ್ಲಿ ಬರೋ ರಕ್ತಕ್ಕೆ ದಾರಿ ಸಾಲದೆ ಒತ್ತಡ ಏರುತ್ತೆ, ಹೊಟ್ಟೆಯಲ್ಲಿ ನೀರು ತುಂಬೋದು ಅದರಿಂದ. ಟಿಪ್ಸ್ ಅಂದರೆ ಆ ರಕ್ತ ಹೃದಯದ ಕಡೆ ನೇರವಾಗಿ ಹೋಗೋಕೆ ಲಿವರ್ ಒಳಗೇ ಮಾಡೋ ಅಡ್ಡದಾರಿ (ಷಂಟ್). ಟಿಪ್ಸ್‌ಗೆ ಹೊಟ್ಟೆ ಕೊಯ್ಯಲ್ಲ. ಕತ್ತಿನ ಬಲಗಡೆ ಜುಗುಲರ್ ನಾಳದಿಂದ ಕೊಳವೆ ಇಳಿಸಿ, ಹೆಪಾಟಿಕ್ ನಾಳದಿಂದ (ಲಿವರ್‌ನಿಂದ ರಕ್ತ ಹೊರಹೋಗೋ ನಾಳ) ಲಿವರ್ ಒಳಗೇ ಸೂಜಿ ಚುಚ್ಚಿ ಪೋರ್ಟಲ್ ಕವಲನ್ನು ಹಿಡೀತಾರೆ. ಕಷ್ಟದ ಘಟ್ಟ ಇದೇ. ಸೂಜಿ ಲಿವರ್ ದಾಟಿ ಹೊರಬಂದರೆ ಹೊಟ್ಟೆಯೊಳಗೆ ರಕ್ತಸ್ರಾವ ಆಗಬಹುದು. ಆಮೇಲೆ ಆ ದಾರೀನ ಬಲೂನಿಂದ ಹಿಗ್ಗಿಸಿ ಪಿಟಿಎಫ್‌ಇ ಅನ್ನೋ ಪ್ಲಾಸ್ಟಿಕ್ ಹೊದಿಕೆಯ ಸ್ಟೆಂಟ್ (ಜಾಲರಿ ಕೊಳವೆ) ಕೂರಿಸ್ತಾರೆ. ಹೊದಿಕೆಯಿಲ್ಲದ ಹಳೇ ಸ್ಟೆಂಟ್‌ಗಳು ಬೇಗ ಕಟ್ಟಿಕೊಳ್ತಿದ್ದವು.

ಮಂಕು ಕವಿಯೋದು ಯಾಕೆಂದರೆ, ಈ ಅಡ್ಡದಾರಿಯಲ್ಲಿ ಕರುಳಿನ ಅಮೋನಿಯಾ ಲಿವರ್‌ನಲ್ಲಿ ಸೋಸದೆ ಮಿದುಳಿಗೆ ಹೋಗುತ್ತೆ. ಸ್ಟೆಂಟ್ ಅಗಲವಾದಷ್ಟೂ ಈ ಅಪಾಯ ಜಾಸ್ತಿ. ಮೊದಲು 8 ಮಿ.ಮೀ.ಗೆ ಹಿಗ್ಗಿಸಿ ಒತ್ತಡ ಅಳೆದು, ಸಾಲದಿದ್ದರೆ ಮಾತ್ರ 10ಕ್ಕೆ ಹೋಗ್ತಾರಾ ಅಂತ ರೇಡಿಯಾಲಜಿಸ್ಟ್‌ನ ಈಗಲೇ ಕೇಳಿ.

ಉತ್ತರ 2:
ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದೀರಾ? ಷಂಟ್ ತೆರೆದ ತಕ್ಷಣ ಹೃದಯಕ್ಕೆ ಹೆಚ್ಚು ರಕ್ತ ನುಗ್ಗುತ್ತೆ. ಹಾರ್ಟ್ ಫೇಲ್ಯೂರ್ ಅಥವಾ ಶ್ವಾಸಕೋಶದ ನಾಳಗಳಲ್ಲಿ ತೀವ್ರ ಒತ್ತಡ ಇದ್ದರೆ ಟಿಪ್ಸ್ ಬೇಡ. ಜಲೋದರಕ್ಕೆ ಹಾಕುವಾಗ ಬಿಲಿರುಬಿನ್ 3 ದಾಟಿದ್ದರೆ ಸಾಮಾನ್ಯವಾಗಿ ಹಿಂದೆ ಸರೀತಾರೆ. ಅಪ್ಪನ ಅಂಕಿ ಪರವಾಗಿಲ್ಲ. ಮುಂಚೆ ಯಾವತ್ತಾದರೂ ಮಂಪರು ಬಂದಿದ್ದರೆ ಮುಚ್ಚಿಡದೆ ಹೇಳಿ. ಲಿವರ್ ಕಸಿಗೆ ಹೆಸರು ಬರೆಸೋ ಮಾತೂ ಈಗಲೇ ಆಗಲಿ.

ಕೇಳಿದವರು:
ಎಕೋ ಬಾಕಿ ಇದೆ ಸರ್, ಈ ವಾರ ಮಾಡಿಸ್ತೀವಿ. ಮನೇಲಿ ಏನು ಗಮನಿಸಬೇಕು?

ಉತ್ತರ 3:
ಹಗಲು ತೂಕಡಿಕೆ, ರಾತ್ರಿ ಎಚ್ಚರ, ಸಹಿ ವಕ್ರವಾಗೋದು ಮಂಕಿನ ಮೊದಲ ಸುಳಿವು. ಎರಡೂ ಕೈ ಮುಂದೆ ಚಾಚಿ, ಬೆರಳು ಅಗಲಿಸಿ, ಮಣಿಕಟ್ಟು ಹಿಂದಕ್ಕೆ ಬಾಗಿಸಿ, ಅಂಗೈ ಎದುರಿಗೆ ಕಾಣೋ ಹಾಗೆ (ಯಾರನ್ನೋ ತಡೆಯೋ ಥರ) ಹಿಡಿಯೋಕೆ ಹೇಳಿ. ಕೈ ಪಟಪಟ ಬಡಿದುಕೊಂಡರೆ ಅವತ್ತೇ ಡಾಕ್ಟರಿಗೆ ತೋರಿಸಿ. ಲ್ಯಾಕ್ಟುಲೋಸ್ (ಮಲ ಸಡಿಲಿಸೋ ಸಿರಪ್) ಬರೆದುಕೊಟ್ಟರೆ ದಿನಕ್ಕೆ 2–3 ಸಲ ಮೆತ್ತಗೆ ಮಲವಾಗೋಷ್ಟು ಕೊಡಿ. ಹೆಚ್ಚಾಗಿ ಭೇದಿಯಾದರೆ ನೀರು ಬತ್ತಿ ಮಂಕು ಇನ್ನೂ ಏರುತ್ತೆ. ನಿದ್ದೆ ಮಾತ್ರೆ, ನೋವಿಗೆ ಐಬುಪ್ರೊಫೆನ್ ಬೇಡವೇ ಬೇಡ.

ದಯವಿಟ್ಟು ಬೇಳೆ, ಮೊಸರು, ಮೊಟ್ಟೆ ಬಿಡಿಸಬೇಡಿ. ನೀರಿನ ಭಾರ ಬಿಟ್ಟು ಕಿಲೋ ತೂಕಕ್ಕೆ 1.2–1.5 ಗ್ರಾಂ ಪ್ರೋಟೀನ್ ಬೇಕು. ಬಿಡಬೇಕಾದ್ದು ಉಪ್ಪು ಜಾಸ್ತಿ ಇರೋ ಉಪ್ಪಿನಕಾಯಿ, ಹಪ್ಪಳ.

ಉತ್ತರ 1:
ಹೊಟ್ಟೆ ಒಂದೇ ದಿನಕ್ಕೆ ಇಳಿಯಲ್ಲ, ವಾರಗಳೇ ಹಿಡಿಯುತ್ತೆ. ಅಲ್ಲೀವರೆಗೆ ನೀರಿಳಿಸೋ ಮಾತ್ರೆ ನೀವಾಗೇ ನಿಲ್ಲಿಸಬೇಡಿ. ಇಳಿದ ಹೊಟ್ಟೆ ಮತ್ತೆ ಉಬ್ಬಿದರೆ ಡಾಪ್ಲರ್ (ರಕ್ತದ ಹರಿವು ನೋಡೋ ಸ್ಕ್ಯಾನ್) ಮಾಡಿಸಿ, ಸ್ಟೆಂಟ್ ಕಿರಿದಾಗಿರಬಹುದು. ಔಷಧಿಗೂ ಮಂಕು ಬಗ್ಗದಿದ್ದರೆ ಅದರೊಳಗೇ ಇನ್ನೊಂದು ಸ್ಟೆಂಟ್ ಕೂರಿಸಿ ದಾರಿ ಕಿರಿದು ಮಾಡ್ತಾರೆ.