ಅಪ್‌ಡೇಟ್: ತಕ್ಕಡಿ ಕೊಂಡೆ, ಕಪ್ ಬಿಡಲಿಲ್ಲ

ಊಟದ ಕ್ಯಾಲೊರಿ ಲೆಕ್ಕ ಇಡಲು ಅಳತೆಯ ಕಪ್ ಸಾಕೋ, ತೂಕವೇ ಹಾಕಬೇಕೋ ಎಂದು ಕೇಳಿದ್ದೆ. ಬಹುತೇಕರು ತಕ್ಕಡಿ ಕೊಳ್ಳಿ ಎಂದಿರಿ. ಕೊಂಡೆ.

ಕಪ್‌ನ ಬಣ್ಣ ಬಯಲು ಮಾಡಿದ್ದು ನಮ್ಮ ದಾವಣಗೆರೆಯ ಮಂಡಕ್ಕಿ. ಒಣ ಮಂಡಕ್ಕಿ ಒಂದು ಕಪ್‌ಗೆ ಸುಮಾರು 15 ಗ್ರಾಂ. ಅದನ್ನೇ ನೆನೆಸಿ ಹಿಂಡಿ ಒಗ್ಗರಣೆಗೆ ಹಾಕಿದರೆ ಕುಗ್ಗಿಬಿಡುತ್ತದೆ. ಆಗ ಒಂದು ಕಪ್ಪಿನಲ್ಲಿ ಎಷ್ಟು ಮಂಡಕ್ಕಿ ಇದೆಯೆಂದು ದೇವರೇ ಹೇಳಬೇಕು. ಜೋಳದ ಹಿಟ್ಟಿನದೂ ಇದೇ ಕಥೆ: ಜರಡಿ ಹಿಡಿದದ್ದು ಹಗುರ, ಒತ್ತಿ ತುಂಬಿದ್ದು ಭಾರ.

ಎಣ್ಣೆಗೆ ನೀವು ಹೇಳಿದ ಉಪಾಯ ನನಗೆ ಬಹಳ ಹಿಡಿಸಿತು. ಎಣ್ಣೆಯ ಡಬ್ಬಿಯನ್ನೇ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡುವುದು, ಬಾಣಲೆಗೆ ಸುರಿದು ಮತ್ತೆ ಇಡುವುದು. ಮೈನಸ್‌ನಲ್ಲಿ ಕಾಣುವುದೇ ಬಳಸಿದ ಎಣ್ಣೆ. ಗ್ರಾಂಗೆ 9 ಕ್ಯಾಲೊರಿ ಇರುವುದರಿಂದ ಚಮಚ ತುಸು ತುಳುಕಿದರೂ ಲೆಕ್ಕ ಏರುತ್ತದೆ. "ಬಂಗಾರ ತೂಗಿದ ಹಾಗೆ ತೂಗುತ್ತೀಯಲ್ಲ" ಎಂದು ಅಮ್ಮ ನಗುತ್ತಾರೆ, ನಗಲಿ.

ಅನ್ನಕ್ಕೆ ಮನೆಮಂದಿಯ ಅಕ್ಕಿಯನ್ನು ಹಸಿಯಾಗಿ ತೂಗುತ್ತೇನೆ. ಬೆಂದ ಮೇಲೆ ಪಾತ್ರೆಯ ತೂಕ ಕಳೆದು, ಅನ್ನದಲ್ಲಿ ನನ್ನ ಪಾಲೆಷ್ಟು ಎಂದು ನೋಡುತ್ತೇನೆ. ನೀರು ಹೆಚ್ಚು ಕಡಿಮೆಯಾದರೂ ಈ ಲೆಕ್ಕ ಕೆಡುವುದಿಲ್ಲ.

ಹಾಲು, ಮಜ್ಜಿಗೆಗೆ ಮಾತ್ರ ಕಪ್ಪೇ ಸಾಕು. ಬೆಣ್ಣೆ ದೋಸೆಯ ಹೋಟೆಲಿಗೆ ತಕ್ಕಡಿ ಒಯ್ಯುವಷ್ಟು ನಾಚಿಕೆ ಬಿಟ್ಟಿಲ್ಲ. ಅಲ್ಲಿ ಬೆಣ್ಣೆಗೆ ಧಾರಾಳವಾಗಿಯೇ ಅಂದಾಜು ಬರೆದುಕೊಳ್ಳುತ್ತೇನೆ.