ಪಾಯಿಂಟ್ ಅರ್ಧಕ್ಕೇ ನಿಲ್ಲುತ್ತದೆ, ಕಾಯಿಲ್ ಬಿಸಿಯಾಗುತ್ತದೆ: ಎಲ್ಲಿ ತಪ್ಪಿದ್ದೇನೆ?

ಪ್ರಶ್ನೆ, ಕೋಲಾರದಿಂದ

ಬಂಗಾರಪೇಟೆಯಿಂದ ಕೋಲಾರದ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗುತ್ತಿದ್ದ ನ್ಯಾರೋ ಗೇಜ್ ರೈಲಿನ ನೆನಪಿಗೆ ಆರು ಅಡಿ ಹಲಗೆಯ ಮೇಲೆ ಪುಟ್ಟ ನಿಲ್ದಾಣ ಕಟ್ಟುತ್ತಿದ್ದೇನೆ. ನನ್ನ ಮಾದರಿ ನಿಜದ 87ರಲ್ಲೊಂದು ಪಾಲು; ಆ ರೈಲಿನ ಹಳಿಗಳ ನಡುವಿನ 762 ಮಿ.ಮೀ. ಅನ್ನು 87ರಿಂದ ಭಾಗಿಸಿದರೆ 8.76, ಹಾಗಾಗಿ 9 ಮಿ.ಮೀ. ಹಳಿ. ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಮೂರು ಪಾಯಿಂಟ್‌ಗಳಿವೆ, ಒಂದೊಂದಕ್ಕೂ ಎರಡು ಕಾಯಿಲ್‌ಗಳ ಮೋಟಾರು: ಚಲಿಸುವ ಹಳಿಯನ್ನು ಒಂದು ಕಾಯಿಲ್ ಎಡಕ್ಕೆ ಎಳೆಯುತ್ತದೆ, ಇನ್ನೊಂದು ಬಲಕ್ಕೆ. 12 ವೋಲ್ಟ್, 1 ಆಂಪಿಯರ್ ಅಡಾಪ್ಟರ್‌ನಿಂದ ಮೆಟ್ಟಿಲ ದೀಪಕ್ಕೆ ಹಾಕುವ ಟೂ-ವೇ ಸ್ವಿಚ್ ಮೂಲಕ ವಿದ್ಯುತ್ ಕೊಟ್ಟೆ. ನಿನ್ನೆ ಒಂದು ಕಾಯಿಲ್ ಸುಟ್ಟ ವಾಸನೆ ಬಂತು. ಉಳಿದವೆರಡು ‘ಟಕ್’ ಎನ್ನುತ್ತವೆ, ಆದರೆ ಹಳಿ ಅರ್ಧ ದಾರಿಯಲ್ಲೇ ನಿಲ್ಲುತ್ತದೆ.

ಉತ್ತರ, ತುಮಕೂರಿನಿಂದ

ಸರ್, ಮೊದಲು ಆ ಸ್ವಿಚ್ ಕಿತ್ತುಹಾಕಿ. ಅದು ಯಾವ ಕಡೆಗಿದ್ದರೂ ಒಂದು ಕಾಯಿಲ್‌ಗೆ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಈ ಕಾಯಿಲ್‌ಗಳಿಗೆ ಬೇಕಾದದ್ದು ಕ್ಷಣಮಾತ್ರದ ಪೆಟ್ಟು. ಕಾಲಿಂಗ್ ಬೆಲ್ ಸ್ವಿಚ್ ಸಾಕು, ಪಾಯಿಂಟ್ ಒಂದಕ್ಕೆ ಎರಡು. ವೈರ್ ತೆಳುವಾಗಿದ್ದರೆ ಅದನ್ನೂ ಬದಲಿಸಿ.

ಕೋಲಾರ

ಎರಡನ್ನೂ ಮಾಡಿದೆ. ಬಿಸಿಯಾಗುವುದು ನಿಂತಿತು. ಹಳಿ ಮಾತ್ರ ಈಗಲೂ ಅರ್ಧಕ್ಕೇ.

ಉತ್ತರ, ಚಿಕ್ಕಬಳ್ಳಾಪುರದಿಂದ

ಗುಂಡಿ ಒತ್ತಿದಾಗ ಅಡಾಪ್ಟರ್ ಮೇಲಿನ ದೀಪ ಕಣ್ಣು ಮಿಟುಕಿಸುತ್ತದೆಯೇ ನೋಡಿ. ಮಿಟುಕಿಸಿದರೆ ತಪ್ಪು ವೈರಿನದ್ದಲ್ಲ. ಇಂತಹ ಕಾಯಿಲ್‌ನ ರೋಧ ಸುಮಾರು 4 ಓಮ್. 12 ವೋಲ್ಟ್‌ಗೆ ಅದು 3 ಆಂಪಿಯರ್ ಕೇಳುತ್ತದೆ. ನಿಮ್ಮ ಅಡಾಪ್ಟರ್ ಕೊಡುವುದು ಒಂದು.

ದೊಡ್ಡ ಅಡಾಪ್ಟರ್ ಕೊಳ್ಳಬೇಡಿ. ಗುಂಡಿ ಎಂದಾದರೂ ಸಿಕ್ಕಿಹಾಕಿಕೊಂಡರೆ ಅದು ಕಾಯಿಲನ್ನು ಇನ್ನೂ ಬೇಗ ಸುಡುತ್ತದೆ. ಕೆಪಾಸಿಟರ್ ಹಾಕಿ. ನಮ್ಮ ಕಡೆಯ ಬೋರ್‌ವೆಲ್ ನೀರಿನ ದೆಸೆಯಿಂದ ಮನೆಮನೆಯಲ್ಲೂ ನೀರು ಶುದ್ಧೀಕರಿಸುವ ಯಂತ್ರವಿದೆ. ಕೆಟ್ಟುಹೋದ ಯಂತ್ರದ 24 ವೋಲ್ಟ್ ಅಡಾಪ್ಟರ್ ಎಲ್ಲಾದರೂ ಮೂಲೆಯಲ್ಲಿ ಬಿದ್ದಿರುತ್ತದೆ. ಅದರ ಪ್ಲಸ್‌ನಿಂದ 100 ಓಮ್, 10 ವ್ಯಾಟ್ ರೆಸಿಸ್ಟರ್, ಅಲ್ಲಿಂದ 4700 ಮೈಕ್ರೋಫ್ಯಾರಡ್, 50 ವೋಲ್ಟ್ ಕೆಪಾಸಿಟರ್‌ನ ಪ್ಲಸ್ ಕಾಲು. ಮೈನಸ್ ಕಾಲು ಅಡಾಪ್ಟರ್‌ನ ಮೈನಸ್‌ಗೆ. ಗುಂಡಿಗಳಿಗೆ ಹೋಗುವ ವೈರನ್ನು ಕೆಪಾಸಿಟರ್‌ನ ಪ್ಲಸ್‌ನಿಂದ ತೆಗೆದುಕೊಳ್ಳಿ, ಕಾಯಿಲ್‌ಗಳ ಸಾಮಾನ್ಯ ವೈರನ್ನು ಮೈನಸ್‌ಗೆ ಸೇರಿಸಿ.

ಎರಡು ಸೆಕೆಂಡಿನಲ್ಲಿ ಕೆಪಾಸಿಟರ್ ತುಂಬಿಕೊಳ್ಳುತ್ತದೆ, ಒತ್ತಿದೊಡನೆ ಇದ್ದುದನ್ನೆಲ್ಲ ಒಂದೇ ಏಟಿಗೆ ಕಾಯಿಲ್‌ಗೆ ಸುರಿಯುತ್ತದೆ. ಆಮೇಲೆ ಗುಂಡಿಯನ್ನು ಒತ್ತಿಯೇ ಹಿಡಿದರೂ ರೆಸಿಸ್ಟರ್ ದಾಟಿ ಬರುವುದು ಕಾಲು ಆಂಪಿಯರ್‌ಗೂ ಕಡಿಮೆ. ಮಾರುವ ಸಿದ್ಧ ಸರ್ಕ್ಯೂಟ್‌ಗಳ ಮೂಲ ತತ್ವವೂ ಇದೇ. ಕೆಪಾಸಿಟರ್‌ನ ಪ್ಲಸ್ ಮೈನಸ್ ಮಾತ್ರ ಅದಲುಬದಲಾಗಬಾರದು, ಸಿಡಿಯುತ್ತದೆ. ನನ್ನ ಮೇಜಿನ ಮೇಲೆ ಅದರ ಕಲೆ ಇನ್ನೂ ಇದೆ.

ಕೋಲಾರ

ದೀಪ ಮಿಟುಕಿಸಿದ್ದು ನಿಜ. ಅಡಾಪ್ಟರ್ ಅಡುಗೆಮನೆಯ ಅಟ್ಟದಲ್ಲೇ ಸಿಕ್ಕಿತು. ಈಗ ‘ಟಕ್’ ಅಲ್ಲ, ‘ಟಪ್!’ ಒಂದು ಪಾಯಿಂಟ್ ಪೂರ್ತಿ ಹೊರಳುತ್ತದೆ. ಇನ್ನೊಂದು ಎಡಕ್ಕೆ ಹೋಗುತ್ತದೆ, ಬಲಕ್ಕೆ ಕೂದಲೆಳೆಯಷ್ಟು ಸಂದು ಉಳಿಯುತ್ತದೆ.

ಚಿಕ್ಕಬಳ್ಳಾಪುರ

ಹಳಿಯ ನಡುವೆ ಜಲ್ಲಿಗೆ ಏನು ಹಾಕಿದ್ದೀರಿ? ಮೋಟಾರಿನ ವೈರ್ ಬಿಚ್ಚಿ, ಬೆರಳಿನಿಂದ ತಳ್ಳಿ ನೋಡಿ. ಇದನ್ನು ನಾನು ಮೊದಲೇ ಕೇಳಬೇಕಿತ್ತು.

ಕೋಲಾರ

ಎಂ-ಸ್ಯಾಂಡ್ ಜರಡಿ ಹಿಡಿದು, ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅಂಟಿಸಿದ್ದೆ. ಭೂತಗನ್ನಡಿ ಹಿಡಿದು ನೋಡಿದರೆ ಚಲಿಸುವ ಹಳಿಗೂ ಪಕ್ಕದ ಹಳಿಗೂ ನಡುವೆ ಒಂದೇ ಒಂದು ಕಾಳು, ಸಾಸಿವೆಯ ಅರ್ಧದಷ್ಟು. ಸೂಜಿಯಲ್ಲಿ ಎಬ್ಬಿಸಿದೆ. ಇಪ್ಪತ್ತು ಸಲ ಒತ್ತಿದೆ, ಇಪ್ಪತ್ತು ಸಲವೂ ಹೊರಳಿತು. ಸುಟ್ಟ ಮೋಟಾರಿಗೆ ಬದಲಿ ತರಿಸುವವರೆಗೆ ಮೂರನೆಯ ಪಾಯಿಂಟ್‌ಗೆ ಮಗಳೇ ಪಾಯಿಂಟ್ಸ್‌ಮನ್.