ಪರದೆಯ ಮೇಲೆ ಸಭೆ ನಡೆದರೂ ಒಮ್ಮತಕ್ಕೆ ತೊಡಕಾದದ್ದೇಕೆ?

ಪ್ರಶ್ನೆ (ರಾಜ್ಯಶಾಸ್ತ್ರ ಉಪನ್ಯಾಸಕಿ, ಮಂಡ್ಯ):

ಸರ್, ನಮಸ್ಕಾರ. ಕೋವಿಡ್ ಕಾಲದಲ್ಲಿಯೂ ವಿಶ್ವಸಂಸ್ಥೆಯ ಕೆಲಸ ವಿಡಿಯೊ ಮೂಲಕ ನಡೆಯುತ್ತಿತ್ತು ಎಂದು ತರಗತಿಯಲ್ಲಿ ಹೇಳಿದಾಗ, "ಹಾಗಾದರೆ ನಷ್ಟವಾದದ್ದೇನು?" ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ವಿದೇಶಾಂಗ ಸೇವೆಯಲ್ಲಿದ್ದ ತಾವು ದಯವಿಟ್ಟು ವಿವರಿಸಬೇಕು.

ಉತ್ತರ (ನಿವೃತ್ತ ವಿದೇಶಾಂಗ ಸೇವಾಧಿಕಾರಿ, ಮೈಸೂರು):

ಮೇಡಂ, ಆ ವಿದ್ಯಾರ್ಥಿನಿ ಕೇಳಿದ್ದು ಸರಿಯಾದ ಪ್ರಶ್ನೆ. ಸಭಾಂಗಣದಲ್ಲಿ ಪ್ರತಿನಿಧಿಗಳು ಓದುವುದು ತಮ್ಮ ಸರ್ಕಾರ ಮೊದಲೇ ಒಪ್ಪಿ ಕಳುಹಿಸಿದ ನಿಲುವನ್ನು; ಆ ನಿಲುವು ಎಲ್ಲಿಯವರೆಗೆ ಬಾಗಬಲ್ಲದು ಎಂಬುದು ತಿಳಿಯುವುದು ಪಡಸಾಲೆಯಲ್ಲಿ, ಕಾಫಿಯ ವಿರಾಮದಲ್ಲಿ, ಮೂಲೆಯೊಂದರಲ್ಲಿ ನಾಲ್ವರು ನಿಂತು ಒಂದೇ ಹಾಳೆಯ ಮೇಲೆ ಪೆನ್ಸಿಲಿನಿಂದ ಪದ ಬದಲಿಸುವಾಗ. ಸಾಂಕ್ರಾಮಿಕ ರೋಗ ಭಾಷಣಗಳನ್ನು ಉಳಿಸಿತು, ಈ ಪಡಸಾಲೆಯನ್ನು ಕಿತ್ತುಕೊಂಡಿತು.

ಮಹಾಸಭೆಯನ್ನೇ ನೋಡಿ. 193 ಸದಸ್ಯ ರಾಷ್ಟ್ರಗಳು ಒಂದೆಡೆ ಸೇರಿ ಮತ ಹಾಕಲಾಗದ ಕಾರಣ 2020ರ ಮಾರ್ಚ್ ಕೊನೆಯಲ್ಲಿ ತಾತ್ಕಾಲಿಕ ಕ್ರಮವೊಂದು ಜಾರಿಗೆ ಬಂತು. ಅಧ್ಯಕ್ಷರು ಕರಡು ನಿರ್ಣಯವನ್ನು ಎಲ್ಲರಿಗೂ ಕಳುಹಿಸಿ ಕನಿಷ್ಠ 72 ಗಂಟೆಗಳ ಗಡುವು ಕೊಡುತ್ತಿದ್ದರು. ಆ ಅವಧಿಯಲ್ಲಿ ಯಾರೂ ಆಕ್ಷೇಪಿಸದಿದ್ದರೆ ನಿರ್ಣಯ ಅಂಗೀಕಾರವಾದಂತೆ. ನಮ್ಮಲ್ಲಿ 'ಮೌನಂ ಸಮ್ಮತಿ ಲಕ್ಷಣಂ' ಎನ್ನುವುದನ್ನೇ ಇಲ್ಲಿ ನಿಯಮವಾಗಿ ಬರೆದುಕೊಂಡರು. ಕೋವಿಡ್ ವಿರುದ್ಧ ಜಾಗತಿಕ ಸಹಕಾರವನ್ನು ಕೋರುವ ನಿರ್ಣಯ ಏಪ್ರಿಲ್ 2ರಂದು ಹೀಗೆಯೇ ಅಂಗೀಕಾರವಾಯಿತು, ನಿಜ. ಆದರೆ ಸಾಮಾನ್ಯ ದಿನಗಳಲ್ಲಿ ಮಹಾಸಭೆ ಬಹುಮತದಿಂದ ತೀರ್ಮಾನಿಸಬಹುದಾಗಿದ್ದ ವಿಷಯವನ್ನು ಈಗ ಒಂದೇ ಒಂದು ರಾಷ್ಟ್ರ, ಒಂದು ಪತ್ರ ಬರೆದು, ತಡೆಯಬಹುದಾಗಿತ್ತು. ಭದ್ರತಾ ಮಂಡಳಿಯ ಐದು ಕಾಯಂ ಸದಸ್ಯ ರಾಷ್ಟ್ರಗಳಿಗೆ ಮಾತ್ರ ಇದ್ದಂತಹ ತಡೆಯುವ ಶಕ್ತಿ ಎಲ್ಲರ ಕೈಗೂ ಬಂದಿತು. ಆಕ್ಷೇಪಿಸಿದವರನ್ನು ಪಕ್ಕಕ್ಕೆ ಕರೆದು "ಯಾವ ಪದ ನಿಮಗೆ ಒಪ್ಪಿಗೆಯಿಲ್ಲ?" ಎಂದು ಕೇಳುವ ಸಂದರ್ಭವೇ ಇಲ್ಲದಿದ್ದಾಗ ಮೌನವನ್ನು ಒಮ್ಮತವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಭದ್ರತಾ ಮಂಡಳಿಯ ಕಥೆ ಇನ್ನೂ ನೋವಿನದು. ಮಹಾಕಾರ್ಯದರ್ಶಿ ಆಂಟೋನಿಯೊ ಗುಟೆರಸ್ ಅವರು ಜಗತ್ತಿನಾದ್ಯಂತ ಕದನವಿರಾಮಕ್ಕೆ ಕರೆಕೊಟ್ಟದ್ದು 2020ರ ಮಾರ್ಚ್ 23ರಂದು. ಅದನ್ನು ಬೆಂಬಲಿಸುವ 2532ನೇ ನಿರ್ಣಯ ಬಂದದ್ದು ಜುಲೈ 1ರಂದು. ವಿಶ್ವ ಆರೋಗ್ಯ ಸಂಸ್ಥೆಯ ಉಲ್ಲೇಖವಿರಬೇಕೇ ಬೇಡವೇ ಎಂಬ ಬಗ್ಗೆ ಅಮೆರಿಕ ಮತ್ತು ಚೀನಾ ಹಿಡಿದ ಪಟ್ಟಿನಿಂದ ಮೂರು ತಿಂಗಳಿಗೂ ಹೆಚ್ಚು ಕಾಲ ಕಳೆದುಹೋಯಿತು. ಆ ಅಪನಂಬಿಕೆಯನ್ನು ರೋಗವೊಂದೇ ಹುಟ್ಟಿಸಿತೆಂದು ಹೇಳಲಾಗದು. ಅದನ್ನು ತಿಳಿಗೊಳಿಸಬಹುದಾಗಿದ್ದ ಮುಖಾಮುಖಿ ಭೇಟಿಗಳು ಮಾತ್ರ ಆಗ ಇಲ್ಲವಾಗಿದ್ದವು.

ಮರುಪ್ರಶ್ನೆ (ಸಂಶೋಧನಾ ವಿದ್ಯಾರ್ಥಿ, ಮಾನಸಗಂಗೋತ್ರಿ):

ಸರ್, ಪ್ರಯಾಣದ ಖರ್ಚು ಉಳಿಯುವುದರಿಂದ ಆನ್‌ಲೈನ್ ಸಭೆಗಳು ಸಣ್ಣ, ಬಡ ರಾಷ್ಟ್ರಗಳಿಗೆ ಅನುಕೂಲವಲ್ಲವೇ?

ಉತ್ತರ:

ಕೇಳಿಸಿಕೊಳ್ಳುವುದಕ್ಕೆ ಅನುಕೂಲ, ಚೌಕಾಸಿಗೆ ಅಲ್ಲ. 2021ರಲ್ಲಿ ಹವಾಮಾನ ಒಪ್ಪಂದದ ಪೂರ್ವಸಿದ್ಧತಾ ಮಾತುಕತೆ ಸುಮಾರು ಮೂರು ವಾರ ಆನ್‌ಲೈನಿನಲ್ಲಿ ನಡೆಯಿತು. ಅಲ್ಲಿ ಔಪಚಾರಿಕ ನಿರ್ಧಾರಗಳನ್ನು ಕೈಗೊಳ್ಳುವುದಿಲ್ಲವೆಂದು ಮೊದಲೇ ತೀರ್ಮಾನವಾಗಿತ್ತು. ಈ ಮಾತುಕತೆ ನಡೆಸುವ ವಿಶ್ವಸಂಸ್ಥೆಯ ಕಚೇರಿಯಿರುವ ಜರ್ಮನಿಯಲ್ಲಿ ಮಧ್ಯಾಹ್ನವಾದಾಗ ಪೆಸಿಫಿಕ್ ದ್ವೀಪಗಳಲ್ಲಿ ನಡುರಾತ್ರಿ. ಇಬ್ಬರೇ ಪ್ರತಿನಿಧಿಗಳಿರುವ, ಮಧ್ಯೆ ಮಧ್ಯೆ ಅಂತರ್ಜಾಲ ಕೈಕೊಡುವ ದೇಶವೊಂದು ಕರಡಿನ ಯಾವ ಸಾಲಿನಲ್ಲಿ ತನಗೆ ಅನ್ಯಾಯವಾಗುತ್ತಿದೆ ಎಂದು ಗುರುತಿಸುವಷ್ಟರಲ್ಲಿ ಚರ್ಚೆ ಮುಂದಿನ ಸಾಲಿಗೆ ಹೋಗಿರುತ್ತದೆ. ಒಂದೇ ಕಟ್ಟಡದಲ್ಲಿದ್ದರೆ ಅಂಥ ಹತ್ತು ದೇಶಗಳು ಗುಂಪುಗೂಡಿ ದೊಡ್ಡ ರಾಷ್ಟ್ರದ ಪ್ರತಿನಿಧಿಯನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಬಹುದು.

ಒಂದು ವರ್ಷ ಮುಂದೂಡಲ್ಪಟ್ಟು 2021ರ ನವೆಂಬರಿನಲ್ಲಿ ನಡೆದ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ, ಕಲ್ಲಿದ್ದಲಿನ ಬಳಕೆಯನ್ನು 'ಕೊನೆಗೊಳಿಸುವುದು' ಎಂಬುದು ಕಡೆಯ ಗಳಿಗೆಯಲ್ಲಿ 'ಹಂತ ಹಂತವಾಗಿ ತಗ್ಗಿಸುವುದು' ಎಂದಾಯಿತು. ಸಭಾಂಗಣದಲ್ಲೇ ಅಲ್ಲಲ್ಲಿ ಗುಂಪು ಸೇರಿ ಮಾತನಾಡಿದ ಬಳಿಕ ಭಾರತ ಮಂಡಿಸಿದ ಬದಲಾವಣೆ ಅದು. ದ್ವೀಪ ರಾಷ್ಟ್ರಗಳಿಗೆ ನಿರಾಶೆಯಾಯಿತು, ಆದರೂ ಒಪ್ಪಂದ ಮುರಿಯಲಿಲ್ಲ.

ಹಾಗೆಂದು ಮುಖಾಮುಖಿ ಕುಳಿತರೆ ಎಲ್ಲವೂ ಬಗೆಹರಿಯುತ್ತದೆ ಎಂದು ತಿಳಿಯಬೇಡಿ. ಪರಮಾಣು ಪ್ರಸರಣ ತಡೆ ಒಪ್ಪಂದದ ಪುನರ್ವಿಮರ್ಶಾ ಸಮ್ಮೇಳನ 2020ರಿಂದ ಮುಂದೂಡುತ್ತಾ ಬಂದು 2022ರ ಆಗಸ್ಟಿನಲ್ಲಿ ನಡೆದಾಗ, ಅಷ್ಟರಲ್ಲಿ ಉಕ್ರೇನ್ ಯುದ್ಧ ಆರಂಭವಾಗಿತ್ತು. ನಾಲ್ಕು ವಾರ ಚರ್ಚಿಸಿದ ಅಂತಿಮ ದಾಖಲೆಯನ್ನು ರಷ್ಯಾ ಒಪ್ಪಲಿಲ್ಲ. ಮುಂದೂಡಿಕೆಯ ನಿಜವಾದ ಬೆಲೆ ನನಗೆ ಇಲ್ಲಿ ಕಾಣುತ್ತದೆ. ಕಾದು ಕುಳಿತ ಎರಡು ವರ್ಷಗಳಲ್ಲಿ ಜಗತ್ತು ಕಾಯುತ್ತಾ ಕುಳಿತಿರಲಿಲ್ಲ.

ಉಪನ್ಯಾಸಕಿಯವರಿಂದ:

ಸರ್, ಧನ್ಯವಾದಗಳು. ಇದನ್ನು ವಿದ್ಯಾರ್ಥಿಗಳಿಗೆ ಮನದಟ್ಟು ಮಾಡಿಸಲು ಸುಲಭದ ದಾರಿಯಿದೆಯೇ?

ಉತ್ತರ:

ಇದೆ, ಮೇಡಂ. ವಿಶ್ವೇಶ್ವರಯ್ಯ ನಾಲೆಯ ಕಟ್ಟು ನೀರಿನ ಸರದಿ, ಅಂದರೆ ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವ ಪದ್ಧತಿ, ನಿಮ್ಮ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿಗೆ ಗೊತ್ತಿರುತ್ತದೆ. ಅರ್ಧ ತರಗತಿ ನಾಲೆಯ ಮೇಲ್ಭಾಗದ ರೈತರಾಗಲಿ, ಇನ್ನರ್ಧ ಕೊನೆಯ ಭಾಗದ ರೈತರಾಗಲಿ. ಮೊದಲ ದಿನ ಸರದಿಯ ಕರಡನ್ನು ಫೋನಿನಲ್ಲಿ ಕಳುಹಿಸಿ, ಸಂಜೆಯೊಳಗೆ ಯಾರೂ ಆಕ್ಷೇಪಿಸದಿದ್ದರೆ ಒಪ್ಪಿದಂತೆ ಎಂದು ತಿಳಿಸಿ. ಪರಸ್ಪರ ಮಾತನಾಡಲು ಬಿಡಬೇಡಿ. ಮರುದಿನ ಅದೇ ಕರಡನ್ನು ಹಿಡಿದು ಒಂದೇ ಕೊಠಡಿಯಲ್ಲಿ ಕೂರಿಸಿ, ನಡುವೆ ಅರ್ಧ ಗಂಟೆ ಟೀ ವಿರಾಮ ಕೊಡಿ. ವಿರಾಮದಲ್ಲಿ ಯಾರು ಯಾರ ಬಳಿಗೆ ಹೋಗಿ ನಿಂತರು ಎಂಬುದನ್ನು ಆ ಪ್ರಶ್ನೆ ಕೇಳಿದ ವಿದ್ಯಾರ್ಥಿನಿಯೇ ಬರೆದುಕೊಳ್ಳಲಿ.